ಹರಿವು, ಸಿಹಿ, ದ್ವೀಪ: ಡಯಾಬಿಟಿಸ್ ಎಂಬ ಹೆಸರು ನಡೆದು ಬಂದ ದಾರಿ

ಘಟಪ್ರಭಾ ಮತ್ತು ಹಿರಣ್ಯಕೇಶಿ ನದಿಗಳ ನೀರಿನಲ್ಲಿ ಬೆಳೆದು ನಿಂತ ಗೋಕಾಕ ಹಾಗೂ ಹುಕ್ಕೇರಿ ತಾಲ್ಲೂಕುಗಳು ಮತ್ತು ಕೆಲವೇ ವರ್ಷಗಳ ಹಿಂದಿನವರೆಗೆ ಗೋಕಾಕದ ಭಾಗವಾಗಿದ್ದ ಮೂಡಲಗಿ ತಾಲ್ಲೂಕು, ಮೂರೂ ಸೇರಿ ಕರ್ನಾಟಕದ ಕಬ್ಬಿನ ಸೀಮೆಯ ಮುಖ್ಯ ಭಾಗವೊಂದನ್ನು ರೂಪಿಸಿವೆ. ಹಿಡಕಲ್ ಜಲಾಶಯದ ನೀರು, ಬ್ರಿಟಿಷರ ಕಾಲದ ಧೂಪದಾಳ ಅಣೆಕಟ್ಟಿನಿಂದ ಹೊರಡುವ ಕಾಲುವೆ, ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ, ಗೋಕಾಕ ಸೀಮೆಯ ಘಟಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆ, ಅಲ್ಲಲ್ಲಿ ಉಳಿದಿರುವ ಬೆಲ್ಲದ ಗಾಣಗಳು, ನಾಡಿಗೆಲ್ಲ ಹೆಸರಾದ ಗೋಕಾಕದ ಕರದಂಟು ಇವೆಲ್ಲವನ್ನೂ ಗಮನಿಸಿದರೆ, ಇಲ್ಲಿಯ ದುಡಿಮೆಯೂ ಊಟೋಪಚಾರವೂ ಸಿಹಿಯೊಂದಿಗೆ ಎಷ್ಟು ಬೆರೆತಿವೆ ಎಂಬುದು ತಿಳಿಯುತ್ತದೆ. ಇದೇ ಸೀಮೆಯ ದವಾಖಾನೆಗಳಲ್ಲಿ ಒಂದು ರೋಗಕ್ಕೆ ನಾಲ್ಕು ಹೆಸರುಗಳು ಚಲಾವಣೆಯಲ್ಲಿವೆ. ಜನ ಅದನ್ನು ‘ಶುಗರ್’ ಎನ್ನುತ್ತಾರೆ, ಹಿರಿಯರು ‘ಸಕ್ಕರಿ ಬ್ಯಾನಿ’ ಎನ್ನುತ್ತಾರೆ, ಆರೋಗ್ಯ ಇಲಾಖೆಯ ಭಿತ್ತಿಪತ್ರಗಳು ‘ಮಧುಮೇಹ’ ಎನ್ನುತ್ತವೆ, ವೈದ್ಯರ ಚೀಟಿ ಮಾತ್ರ ‘ಡಯಾಬಿಟಿಸ್ ಮೆಲ್ಲಿಟಸ್’ ಎನ್ನುತ್ತದೆ.

ಈ ನಾಲ್ಕರಲ್ಲಿ ಕೊನೆಯದು ಇಂಗ್ಲಿಷಿನದೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆಯಾದರೂ ಅದರ ಒಂದು ತುಂಡೂ ಮೂಲತಃ ಇಂಗ್ಲಿಷಿನದಲ್ಲ. ‘ಡಯಾಬಿಟಿಸ್’ ಗ್ರೀಕ್ ಭಾಷೆಯದು, ‘ಮೆಲ್ಲಿಟಸ್’ ಲ್ಯಾಟಿನ್ನಿನದು, ಜನ ಬಳಸುವ ‘ಶುಗರ್’ ಎಂಬುದಂತೂ ಸಂಸ್ಕೃತ ಮತ್ತು ಪ್ರಾಕೃತಗಳಿಂದ ಹೊರಟು ಪರ್ಷಿಯಾ, ಅರಬ್ ನಾಡು, ಇಟಲಿ, ಫ್ರಾನ್ಸ್‌ಗಳನ್ನು ಹಾಯ್ದು ಇಂಗ್ಲೆಂಡನ್ನು ಮುಟ್ಟಿದ ಪದ. ಇವುಗಳ ಮೂಲವನ್ನು ಅರಸುವುದು ನಿಘಂಟುಕಾರರಿಗಷ್ಟೇ ಬೇಕಾದ ಕೆಲಸವೆಂದು ತಳ್ಳಿಹಾಕುವಂತಿಲ್ಲ. ಏಕೆಂದರೆ ಈ ರೋಗಕ್ಕೆ ಬೇರೆ ಬೇರೆ ಕಾಲದಲ್ಲಿ ಬಿದ್ದ ಹೆಸರುಗಳು ಆಯಾ ಕಾಲದ ವೈದ್ಯರಿಗೆ ರೋಗದ ಯಾವ ಮುಖ ಕಂಡಿತ್ತು ಎಂಬುದನ್ನು ಸ್ಪಷ್ಟವಾಗಿ ಹೇಳುತ್ತವೆ. ಮೊದಲು ಕಂಡದ್ದು ಹರಿವು, ಅನಂತರ ಕಂಡದ್ದು ಸಿಹಿ, ಎಲ್ಲಕ್ಕಿಂತ ಕೊನೆಗೆ ಕಂಡದ್ದು ಹೊಟ್ಟೆಯೊಳಗಿನ ಒಂದು ಗ್ರಂಥಿಯಲ್ಲಿ ಅಡಗಿದ್ದ ಕಾರಣ. ಹೆಸರುಗಳನ್ನು ಈ ಕ್ರಮದಲ್ಲಿ ಬಿಡಿಸಿ ನೋಡಿದರೆ ರೋಗವೂ ಅದೇ ಕ್ರಮದಲ್ಲಿ ಅರ್ಥವಾಗುತ್ತ ಹೋಗುತ್ತದೆ.

ಹಾಯ್ದು ಹೋಗುವ ನೀರು

ಗ್ರೀಕ್ ಭಾಷೆಯಲ್ಲಿ ‘ಡಿಯಾ’ ಎಂದರೆ ‘ಮೂಲಕ, ಹಾಯ್ದು’ ಎಂದರ್ಥ. ‘ಬೈನೈನ್’ ಎಂದರೆ ‘ಹೋಗುವುದು, ನಡೆಯುವುದು’. ಇವೆರಡೂ ಸೇರಿ ಆದ ‘ಡಿಯಾಬೈನೈನ್’ ಎಂಬ ಕ್ರಿಯಾಪದಕ್ಕೆ ‘ಹಾಯ್ದು ಹೋಗುವುದು, ದಾಟುವುದು’ ಎಂಬ ಅರ್ಥವಿದ್ದು, ಅದರಿಂದ ಹುಟ್ಟಿದ ‘ಡಿಯಾಬೀಟೀಸ್’ ಎಂಬ ನಾಮಪದವು ಎತ್ತರದ ಪಾತ್ರೆಯ ನೀರನ್ನು ತಗ್ಗಿಗೆ ಎಳೆದು ಹರಿಸುವ ಬಾಗಿದ ಕೊಳವೆಗೆ, ಅಂದರೆ ಇಂದು ಸೈಫನ್ ಎಂದು ಕರೆಯುವ ಸಾಧನಕ್ಕೆ ಹೆಸರಾಗಿತ್ತು. ಇಂದಿನ ಟರ್ಕಿಯ ಭಾಗವಾದ ಕಪದೋಕಿಯಾ ಪ್ರಾಂತದ ಅರೆಟಿಯಸ್ ಎಂಬ ವೈದ್ಯ, ಸಾಮಾನ್ಯವಾಗಿ ಕ್ರಿ.ಶ. 2ನೆಯ ಶತಮಾನದವನೆಂದು ಎಣಿಸಲಾಗುವವನು, ಈ ರೋಗದ ವಿವರವಾದ ವರ್ಣನೆಯನ್ನು ಬರೆದಿಟ್ಟಿದ್ದಾನೆ. ರೋಗಿಗೆ ತೀರದ ಬಾಯಾರಿಕೆ, ಎಷ್ಟು ಕುಡಿದರೂ ಒಡಲಲ್ಲಿ ನಿಲ್ಲದೆ ಹೊರಹೋಗುವ ನೀರು, ಮೈಯ ಮಾಂಸವೇ ಕರಗಿ ಮೂತ್ರವಾಗುತ್ತಿದೆಯೇನೋ ಎಂಬಂಥ ಸೊರಗುವಿಕೆ ಇವು ಅವನು ಕಂಡ ಲಕ್ಷಣಗಳಾಗಿದ್ದು, ನೀರು ದೇಹದಲ್ಲಿ ತಂಗದೆ ಅದನ್ನೊಂದು ಹಾದಿಯಾಗಿ ಬಳಸಿಕೊಂಡು ದಾಟಿಹೋಗುವುದೇ ಹೆಸರಿಗೆ ಕಾರಣವೆಂದು ಅವನು ವಿವರಿಸುತ್ತಾನೆ. ಅದೇ ಶತಮಾನದ ಪ್ರಸಿದ್ಧ ವೈದ್ಯ ಗ್ಯಾಲೆನ್ ಇಂಥ ರೋಗಿಗಳನ್ನು ತಾನು ಇಬ್ಬರನ್ನಷ್ಟೇ ನೋಡಿರುವುದಾಗಿ ಬರೆದದ್ದರಿಂದ, ಆಗಿನ ರೋಮನ್ ಜಗತ್ತಿನಲ್ಲಿ ವೈದ್ಯರ ಕಣ್ಣಿಗೆ ಈ ರೋಗ ಎಷ್ಟು ವಿರಳವಾಗಿ ಬೀಳುತ್ತಿತ್ತು ಎಂಬುದು ತಿಳಿಯುತ್ತದೆ.

ಗ್ರೀಕಿನ ‘ಬೈನೈನ್’ ಎಂಬ ಪದ ಕನ್ನಡ ಓದುಗರಿಗೆ ಅಪರಿಚಿತವೆಂದು ತೋರಿದರೂ ಅದರ ಬಂಧುಗಳು ಕನ್ನಡದಲ್ಲಿ ದಿನವೂ ಬಳಕೆಯಾಗುತ್ತಿವೆ. ಭಾಷಾಶಾಸ್ತ್ರಜ್ಞರು ಇಂಡೋ-ಯುರೋಪಿಯನ್ ಎಂದು ಕರೆಯುವ ಭಾಷಾ ಕುಟುಂಬದಲ್ಲಿ ಗ್ರೀಕ್, ಲ್ಯಾಟಿನ್, ಸಂಸ್ಕೃತ, ಇಂಗ್ಲಿಷ್ ನಾಲ್ಕೂ ಸೇರುತ್ತವೆ. ಗ್ರೀಕಿನ ಈ ಧಾತು ಸಂಸ್ಕೃತದ ‘ಗಮ್’ ಧಾತುವಿನೊಂದಿಗೆ ಒಂದೇ ಮೂಲದಿಂದ ಬಂದದ್ದು. ಕನ್ನಡ ದ್ರಾವಿಡ ಕುಟುಂಬದ ಭಾಷೆಯಾದರೂ ಸಂಸ್ಕೃತದಿಂದ ಗಮನ, ಆಗಮನ, ನಿರ್ಗಮನ ಮುಂತಾದ ಪದಗಳನ್ನು ಪಡೆದು ತನ್ನದಾಗಿಸಿಕೊಂಡಿರುವುದರಿಂದ, ನಿಲ್ದಾಣದ ಫಲಕದ ಮೇಲಿನ ‘ನಿರ್ಗಮನ’ಕ್ಕೂ ವೈದ್ಯರ ಚೀಟಿಯ ‘ಡಯಾಬಿಟಿಸ್’ಗೂ ದೂರದ ಸಂಬಂಧವೊಂದು ಉಳಿದುಬಂದಿದೆ.

ಗ್ರೀಕಿನಿಂದ ಲ್ಯಾಟಿನ್ನಿಗೆ ಹೋದ ಈ ಪದವು 15ನೆಯ ಶತಮಾನದ ಆರಂಭದಲ್ಲಿ, ಸುಮಾರು 1425ರ ಹೊತ್ತಿಗೆ, ಇಂಗ್ಲಿಷಿನ ವೈದ್ಯಗ್ರಂಥವೊಂದರಲ್ಲಿ ಕಾಣಿಸಿಕೊಂಡಿತು. ಆದರೆ ಅದುವರೆಗೂ ಯುರೋಪಿನ ವೈದ್ಯಕೀಯಕ್ಕೆ ಮುಖ್ಯವಾಗಿ ಕಂಡದ್ದು ಹರಿವು ಮಾತ್ರವೇ ಆಗಿತ್ತು. ಹರಿಯುವ ಮೂತ್ರ ಸಿಹಿಯಾಗಿರುತ್ತದೆ ಎಂಬ ಸಂಗತಿ ಹೆಸರಿನಲ್ಲಿ ಸೇರಲು ಇನ್ನೂ ಮೂರು ಶತಮಾನಗಳು ಬೇಕಾದವು.

ಇಕ್ಷುಮೇಹ, ಮಧುಮೇಹ

ಆ ಸಿಹಿಯನ್ನು ಭಾರತದ ವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದರು. ಕ್ರಿಸ್ತಶಕದ ಆರಂಭದ ಆಸುಪಾಸಿನ ಶತಮಾನಗಳಲ್ಲಿ ರೂಪುಗೊಂಡ ಚರಕಸಂಹಿತೆ ಮತ್ತು ಸುಶ್ರುತಸಂಹಿತೆಗಳು ‘ಪ್ರಮೇಹ’ ಎಂಬ ರೋಗವರ್ಗವನ್ನು ವಿವರಿಸಿ ಅದರಲ್ಲಿ 20 ಬಗೆಗಳನ್ನು ಎಣಿಸುತ್ತವೆ. ಕಫದಿಂದ 10, ಪಿತ್ತದಿಂದ 6, ವಾತದಿಂದ 4 ಎಂಬುದು ಅವುಗಳ ಲೆಕ್ಕ. ‘ಮಿಹ್’ ಎಂಬ ಧಾತುವಿಗೆ ಮೂತ್ರ ವಿಸರ್ಜಿಸುವುದು ಎಂಬ ಅರ್ಥವಿದ್ದು, ಅದರ ಮುಂದೆ ಆಧಿಕ್ಯವನ್ನು ಸೂಚಿಸುವ ‘ಪ್ರ’ ಸೇರಿದಾಗ ‘ಪ್ರಮೇಹ’ವಾಗುತ್ತದೆ. ಹೀಗಾಗಿ ಇಲ್ಲಿಯೂ ಹೆಸರಿನ ತಳಹದಿ ಹರಿವೇ ಆಗಿದೆ. ಮೂತ್ರ ವಿಸರ್ಜನೆಗೆ ಇಂಗ್ಲಿಷ್ ವೈದ್ಯಕೀಯದಲ್ಲಿ ಬಳಸುವ ‘ಮಿಕ್ಚುರಿಷನ್’ ಎಂಬ ಲ್ಯಾಟಿನ್ ಮೂಲದ ಪದವೂ ಇದೇ ಧಾತುವಿನ ಬಂಧು. ಆದರೆ ಭಾರತೀಯ ಗ್ರಂಥಕಾರರು ಹರಿವಿಗೆ ನಿಲ್ಲದೆ ಮೂತ್ರದ ಬಣ್ಣ, ವಾಸನೆ, ರುಚಿ, ತಿಳಿ ಮತ್ತು ಕದಡುಗಳನ್ನು ಆಧಾರವಾಗಿಟ್ಟುಕೊಂಡು ಉಪಬಗೆಗಳಿಗೆ ಹೆಸರಿಟ್ಟರು.

ಆ ಉಪಬಗೆಗಳಲ್ಲಿ ಕಬ್ಬಿನ ಸೀಮೆಯ ಓದುಗರ ಗಮನ ಸೆಳೆಯಬೇಕಾದದ್ದು ‘ಇಕ್ಷುಮೇಹ’. ಸಂಸ್ಕೃತದಲ್ಲಿ ‘ಇಕ್ಷು’ ಎಂದರೆ ಕಬ್ಬು. ಮೂತ್ರವು ಕಬ್ಬಿನ ಹಾಲಿನಂತೆ ಬಲು ಸಿಹಿಯಾಗಿಯೂ ತಂಪಾಗಿಯೂ ತುಸು ಲೋಳೆಯಾಗಿ ಕದಡಿದಂತೆಯೂ ಇರುವ ಈ ಸ್ಥಿತಿಯನ್ನು ಕಫದ ಬಗೆಗಳಲ್ಲಿ ಸೇರಿಸಿ, ಗುಣಪಡಿಸಬಹುದಾದದ್ದೆಂದು ಪರಿಗಣಿಸಲಾಗಿತ್ತು. ವಾತದ ಬಗೆಗಳಲ್ಲಿ ಬರುವ ‘ಮಧುಮೇಹ’ದಲ್ಲಾದರೋ ಮೂತ್ರವು ಜೇನಿನಂತಾಗುತ್ತದೆಂದೂ ಅದು ಅಸಾಧ್ಯ, ಅಂದರೆ ಗುಣವಾಗದ ಸ್ಥಿತಿ ಎಂದೂ ಹೇಳಲಾಗಿದೆ. ಅಲಕ್ಷಿಸಿದ ಎಲ್ಲ ಪ್ರಮೇಹಗಳೂ ಕಾಲಾಂತರದಲ್ಲಿ ಮಧುಮೇಹವಾಗಿ ಪರಿಣಮಿಸುತ್ತವೆ ಎಂಬ ಸುಶ್ರುತನ ಎಚ್ಚರಿಕೆ ಇಂದಿಗೂ ಬೆಲೆಯುಳ್ಳದ್ದು. ಪ್ರಮೇಹ ಬರುವ ಮುನ್ಸೂಚನೆಗಳನ್ನು ಹೇಳುವಾಗ ಚರಕಸಂಹಿತೆಯು ರೋಗಿಯ ಮೈಗೂ ಮೂತ್ರಕ್ಕೂ ಇರುವೆ ಮತ್ತು ದುಂಬಿಗಳು ಮುತ್ತುವುದನ್ನು ಸೇರಿಸಿರುವುದು, ಈ ತಿಳಿವಳಿಕೆ ಎಂಥ ನೇರವಾದ ನೋಟದಿಂದ ಹುಟ್ಟಿತ್ತೆಂಬುದಕ್ಕೆ ಸಾಕ್ಷಿ.

ಸುಶ್ರುತಸಂಹಿತೆಯ ಚಿಕಿತ್ಸಾ ಭಾಗದಲ್ಲಿ ಇನ್ನೊಂದು ಮಹತ್ವದ ವಿಂಗಡಣೆ ಇದೆ. ಹುಟ್ಟಿನಿಂದ ಬರುವ ‘ಸಹಜ’ ಪ್ರಮೇಹದ ರೋಗಿ ಬಡಕಲಾಗಿ, ಒಣಗಿದ ಮೈಯವನಾಗಿ, ಕಡಿಮೆ ಉಣ್ಣುವವನಾಗಿ, ಬಾಯಾರಿಕೆಯಿಂದ ಬಳಲುವವನಾಗಿರುತ್ತಾನೆ. ಅಪಥ್ಯದಿಂದ, ಅಂದರೆ ಹಿತವಲ್ಲದ ಆಹಾರ ವಿಹಾರಗಳಿಂದ ಬರುವ ಪ್ರಮೇಹದ ರೋಗಿ ಸ್ಥೂಲಕಾಯನಾಗಿ, ಹೆಚ್ಚು ಉಣ್ಣುವವನಾಗಿ, ಕೂರುವುದರಲ್ಲೂ ಮಲಗುವುದರಲ್ಲೂ ಆಸಕ್ತನಾಗಿರುತ್ತಾನೆ. ಇಂದಿನ ವೈದ್ಯಕೀಯ ಹೇಳುವ ಟೈಪ್ 1 ಮತ್ತು ಟೈಪ್ 2 ಎಂಬ ವಿಂಗಡಣೆ ಬೇರೆ ತಳಹದಿಯ ಮೇಲೆ ನಿಂತದ್ದಾದ್ದರಿಂದ ಎರಡನ್ನೂ ಒಂದೇ ಎನ್ನಲಾಗದಿದ್ದರೂ, ಒಂದೇ ಹೆಸರಿನಡಿಯಲ್ಲಿ ಎರಡು ಬೇರೆ ದೇಹಸ್ಥಿತಿಗಳಿವೆ ಎಂಬ ಅರಿವು ಅಲ್ಲಿ ಸ್ಪಷ್ಟವಾಗಿದೆ. ಚಿಕಿತ್ಸೆಯಾಗಿ ನೂರು ಯೋಜನ ದೂರ ಕಾಲ್ನಡಿಗೆಯಲ್ಲಿ ಸಾಗುವುದನ್ನೂ ಬಾವಿ ತೋಡುವಂಥ ಮೈಮುರಿಯುವ ದುಡಿಮೆಯನ್ನೂ ಅದೇ ಗ್ರಂಥ ವಿಧಿಸುತ್ತದೆ.

ಮೆಲ್ಲಿಟಸ್ ಮತ್ತು ಮೊಲಾಸಿಸ್

ಯುರೋಪಿನಲ್ಲಿ ಸಿಹಿಯ ಮಾತು ಮುನ್ನೆಲೆಗೆ ಬಂದದ್ದು 17ನೆಯ ಶತಮಾನದಲ್ಲಿ. ಆಕ್ಸ್‌ಫರ್ಡಿನ ವೈದ್ಯ ಥಾಮಸ್ ವಿಲ್ಲಿಸ್ 1674ರ ಸುಮಾರಿಗೆ ಪ್ರಕಟವಾದ ತನ್ನ ಗ್ರಂಥದಲ್ಲಿ ಡಯಾಬಿಟಿಸ್ ರೋಗಿಯ ಮೂತ್ರ ಜೇನು ಅಥವಾ ಸಕ್ಕರೆ ಬೆರೆಸಿದಂತೆ ಸಿಹಿಯಾಗಿರುವುದನ್ನು ದಾಖಲಿಸಿದನು. ಸುಮಾರು ಒಂದು ಶತಮಾನದ ಬಳಿಕ, 1776ರಲ್ಲಿ, ಲಿವರ್‌ಪೂಲಿನ ಮ್ಯಾಥ್ಯೂ ಡಾಬ್ಸನ್ ಎಂಬ ವೈದ್ಯ, ಗಾಣದ ಮನೆಯಲ್ಲಿ ಕಬ್ಬಿನ ಹಾಲನ್ನು ಕೊಪ್ಪರಿಗೆಗೆ ಸುರಿದು ನೀರು ಇಂಗುವತನಕ ಕಾಯಿಸಿ ಬೆಲ್ಲ ತೆಗೆಯುವಂತೆ, ರೋಗಿಯ ಮೂತ್ರವನ್ನು ಬೆಂಕಿಯ ಮೇಲಿಟ್ಟು ಆರಿಸಿ, ತಳದಲ್ಲಿ ಉಳಿದ ಬಿಳಿಯ ಪದಾರ್ಥವು ವಾಸನೆಯಲ್ಲೂ ರುಚಿಯಲ್ಲೂ ಸಕ್ಕರೆಯೇ ಎಂಬುದನ್ನು ತೋರಿಸಿದನು. ರೋಗಿಯ ರಕ್ತದ ತಿಳಿಭಾಗವೂ ಸಿಹಿಯಾಗಿರುವುದನ್ನು ಅವನು ಗಮನಿಸಿದ್ದು ಇನ್ನೂ ದೊಡ್ಡ ಹೆಜ್ಜೆಯಾಯಿತು. ಏಕೆಂದರೆ ಅದರಿಂದ ಸಕ್ಕರೆ ಮೂತ್ರಪಿಂಡದಲ್ಲಿ ಹುಟ್ಟುವುದಲ್ಲ, ರಕ್ತದಲ್ಲಿ ಮೊದಲೇ ಇದ್ದು ಅಲ್ಲಿಂದ ಸೋರಿಬರುವುದು ಎಂಬ ತಿಳಿವು ಮೂಡಿತು.

ಇದರ ಬೆನ್ನಿಗೇ 18ನೆಯ ಶತಮಾನದ ಕೊನೆಯ ದಶಕಗಳಲ್ಲಿ, ಸ್ಕಾಟ್ಲೆಂಡಿನ ವಿಲಿಯಂ ಕಲೆನ್ ಮತ್ತು ಸೇನಾ ವೈದ್ಯ ಜಾನ್ ರೊಲೊ ಮುಂತಾದವರ ಬರಹಗಳ ಮೂಲಕ ‘ಮೆಲ್ಲಿಟಸ್’ ಎಂಬ ವಿಶೇಷಣ ನೆಲೆಗೊಂಡಿತು. ಲ್ಯಾಟಿನ್ನಿನಲ್ಲಿ ‘ಮೆಲ್’ ಎಂದರೆ ಜೇನು, ‘ಮೆಲ್ಲಿಟಸ್’ ಎಂದರೆ ಜೇನು ಬೆರೆತದ್ದು. ಮೂತ್ರ ಅತಿಯಾಗಿ ಹರಿದರೂ ಸಿಹಿಯಿಲ್ಲದ ಬೇರೊಂದು ರೋಗವನ್ನು ಇದರಿಂದ ಬೇರ್ಪಡಿಸಲು ‘ಇನ್ಸಿಪಿಡಸ್’, ಅಂದರೆ ರುಚಿಯಿಲ್ಲದ್ದು, ಎಂಬ ಪದವನ್ನು ಜೋಡಿಸಲಾಯಿತು. ಹೀಗೆ ‘ಡಯಾಬಿಟಿಸ್ ಮೆಲ್ಲಿಟಸ್’ ಎಂಬ ಜೋಡಿಪದದ ಮೊದಲರ್ಧ ಹರಿವನ್ನೂ ಎರಡನೆಯ ಅರ್ಧ ಜೇನನ್ನೂ ಹೇಳುವುದರಿಂದ, ಅರ್ಥದಲ್ಲಿ ಅದು ‘ಮಧುಮೇಹ’ಕ್ಕೆ ಸರಿಸಮನಾಗಿ ನಿಲ್ಲುತ್ತದೆ.

ಈ ‘ಮೆಲ್’ ಕಬ್ಬಿನ ಸೀಮೆಗೆ ಇನ್ನೊಂದು ದಾರಿಯಿಂದಲೂ ಬಂದಿದೆ. ಸಂಕೇಶ್ವರದ ಕಾರ್ಖಾನೆಯಲ್ಲಿ ಸಕ್ಕರೆ ಹರಳುಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ಕಪ್ಪನೆಯ ಗಟ್ಟಿ ದ್ರವಕ್ಕೆ ಕನ್ನಡದಲ್ಲಿ ಕಾಕಂಬಿ ಎಂಬ ಹೆಸರಿದ್ದು, ಕಾರ್ಖಾನೆಯ ಮಾತಿನಲ್ಲಿ ಅದು ‘ಮೊಲಾಸಿಸ್’. ಜೇನಿನಂಥದ್ದು ಎಂಬ ಅರ್ಥದ ಲ್ಯಾಟಿನ್ ಪದವೊಂದು ಪೋರ್ಚುಗೀಸಿನಲ್ಲಿ ‘ಮೆಲಾಸೊ’ ಎಂದಾಗಿ, ಅಲ್ಲಿಂದ ಇಂಗ್ಲಿಷಿಗೆ ಹೋಗಿ ‘ಮೊಲಾಸಿಸ್’ ಆಯಿತು. ಕಾರ್ಖಾನೆಯ ಟ್ಯಾಂಕಿನ ಕಾಕಂಬಿಗೂ ದವಾಖಾನೆಯ ಚೀಟಿಯ ‘ಮೆಲ್ಲಿಟಸ್’ಗೂ ಇರುವ ಬೇರು ಒಂದೇ.

ಶರ್ಕರೆಯ ಪ್ರಯಾಣ

ಜನರು ಆಡುವ ‘ಶುಗರ್’ ಎಂಬ ಪದದ ಚರಿತ್ರೆಯಂತೂ ಭಾರತದ ನೆಲದಿಂದಲೇ ಆರಂಭವಾಗುತ್ತದೆ. ಸಂಸ್ಕೃತದ ‘ಶರ್ಕರಾ’ ಎಂಬುದಕ್ಕೆ ಮೊದಲಿದ್ದ ಅರ್ಥ ಸಣ್ಣ ಕಲ್ಲು, ಹರಳು, ಮರಳುಗಲ್ಲು. ಕಬ್ಬಿನ ಹಾಲನ್ನು ಕಾಯಿಸಿ ಹರಳುಗಟ್ಟಿಸುವ ವಿದ್ಯೆ ಬೆಳೆದಾಗ ಆ ಸಿಹಿ ಹರಳಿಗೂ ಅದೇ ಹೆಸರು ಅಂಟಿತು. ಪ್ರಾಕೃತದಲ್ಲಿ ಅದು ‘ಸಕ್ಕರಾ’ ಎಂದಾಗಿ, ಅಲ್ಲಿಂದ ಕನ್ನಡಕ್ಕೆ ‘ಸಕ್ಕರೆ’ಯಾಗಿ ಬಂದಿತು. ‘ಕಬ್ಬು’ ಎಂಬುದಾದರೋ ಹಳಗನ್ನಡದ ‘ಕರ್ಬು’ವಿನಿಂದ ಬಂದ, ತಮಿಳಿನ ‘ಕರುಂಬು’ವಿನ ಒಡಹುಟ್ಟಾದ ಅಚ್ಚ ದ್ರಾವಿಡ ಪದ. ಪಶ್ಚಿಮಕ್ಕೆ ಹೊರಟ ‘ಶರ್ಕರಾ’ ಪರ್ಷಿಯಾದಲ್ಲಿ ‘ಶಕರ್’, ಅರಬ್ಬಿಯಲ್ಲಿ ‘ಸುಕ್ಕರ್’, ಮಧ್ಯಯುಗದ ಲ್ಯಾಟಿನ್ನಿನಲ್ಲಿ ‘ಸುಕ್ಕರುಂ’, ಫ್ರೆಂಚಿನಲ್ಲಿ ‘ಸುಕ್ರ್’ ಎಂದಾಗಿ ಇಂಗ್ಲಿಷಿನಲ್ಲಿ ‘ಶುಗರ್’ ರೂಪ ತಾಳಿತು. ಅದೇ ಶರ್ಕರೆ ಮಲಯಾಳಂನ ‘ಚಕ್ಕರ’ದ ಮೂಲಕ ಪೋರ್ಚುಗೀಸರ ಬಾಯಲ್ಲಿ ‘ಜಾಗರ’ವಾಗಿ, ಬೆಲ್ಲಕ್ಕೆ ಇಂಗ್ಲಿಷಿನಲ್ಲಿರುವ ‘ಜಾಗರಿ’ ಎಂಬ ಹೆಸರೂ ಆಯಿತು.

ಇದಕ್ಕೂ ಮೊದಲೇ ಗ್ರೀಕರು ಈ ಪದವನ್ನು ‘ಸಾಕ್ಖರಾನ್’ ಎಂದು ಪಡೆದಿದ್ದರು. ಕ್ರಿ.ಶ. 1ನೆಯ ಶತಮಾನದ ಗ್ರೀಕ್ ಔಷಧಶಾಸ್ತ್ರಜ್ಞ ಡಯಾಸ್ಕೊರಿಡೀಸ್ ಇದನ್ನು ಭಾರತದ ಜೊಂಡಿನಲ್ಲಿ ದೊರೆಯುವ ಗಟ್ಟಿಯಾದ ಜೇನು ಎಂದು ಬಣ್ಣಿಸಿ, ನೀರಿನಲ್ಲಿ ಕರಗಿಸಿ ಕುಡಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಒಳ್ಳೆಯದೆಂದು ಬರೆದನು. ರೋಮಿನ ಪ್ಲಿನಿ ಇದು ಔಷಧಿಗೆ ಮಾತ್ರ ಬಳಕೆಯಾಗುವ ವಸ್ತುವೆಂದನು. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೀಯಸ್ 1753ರಲ್ಲಿ ಕಬ್ಬಿಗೆ ‘ಸ್ಯಾಕರಂ ಅಫಿಸಿನೇರಂ’ ಎಂದು ಹೆಸರಿಟ್ಟಾಗ ಈ ನೆನಪು ಶಾಸ್ತ್ರೀಯ ನಾಮದಲ್ಲಿ ಅಚ್ಚಾಯಿತು. ‘ಅಫಿಸಿನಾ’ ಎಂದರೆ ಔಷಧಿ ತಯಾರಿಸುವ, ಕೂಡಿಡುವ ಕೋಣೆ. ಹಾಗಾಗಿ ಕಬ್ಬಿನ ಶಾಸ್ತ್ರೀಯ ಹೆಸರಿಗೆ ‘ಔಷಧಾಲಯದ ಸಕ್ಕರೆ’ ಎಂಬ ಅರ್ಥ ಬರುತ್ತದೆ. 1912ರಲ್ಲಿ ಆರಂಭವಾದ ಕೊಯಮತ್ತೂರಿನ ಕಬ್ಬು ತಳಿ ಅಭಿವೃದ್ಧಿ ಕೇಂದ್ರದಲ್ಲಿ ಈ ಜಾತಿಯನ್ನು ಕಾಡುಕಬ್ಬಿನೊಂದಿಗೆ ಬೆರೆಸಿ ತೆಗೆದ ಮಿಶ್ರತಳಿಗಳು ದೇಶದ ಕಬ್ಬಿನ ಬೇಸಾಯವನ್ನೇ ಬದಲಿಸಿದವು, ಸಂಕೇಶ್ವರದ ಕೃಷಿ ಸಂಶೋಧನಾ ಕೇಂದ್ರವೂ ಈ ಸೀಮೆಗೆ ಒಗ್ಗುವ ಕಬ್ಬಿನ ತಳಿಗಳನ್ನು ರೂಪಿಸಿದೆ. ಒಂದು ಕಾಲಕ್ಕೆ ಚಿಟಿಕೆಯ ಲೆಕ್ಕದಲ್ಲಿ ಔಷಧಿಯಾಗಿ ಮಾರಾಟವಾಗುತ್ತಿದ್ದ ವಸ್ತು ಲಾರಿಗಟ್ಟಲೆ ಮೂಟೆಗಳಲ್ಲಿ ಸಾಗುವ ದಿನಸಿಯಾದದ್ದು ಹೀಗೆ. ಮಧುಮೇಹಿಗಳಿಗೆ ಪರಿಚಿತವಾದ ‘ಸ್ಯಾಕರಿನ್’ ಎಂಬ ಕೃತಕ ಸಿಹಿಯನ್ನು 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಕಾನ್‌ಸ್ಟಂಟೈನ್ ಫಾಲ್ಬರ್ಗ್ ಕಂಡುಹಿಡಿದಾಗ, ಅದಕ್ಕೆ ದೊರೆತ ಹೆಸರಿನಲ್ಲಿಯೂ ಶರ್ಕರೆಯೇ ಕುಳಿತಿತ್ತು.

ವರದಿಯಲ್ಲಿ ಕಾಣುವ ಪದಗಳು

ರಕ್ತದಲ್ಲಿರುವುದು ಅಡುಗೆಮನೆಯ ಸಕ್ಕರೆಯಲ್ಲ, ಗ್ಲೂಕೋಸ್. 1815ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರೊಲ್ ಮಧುಮೇಹಿಯ ಮೂತ್ರದ ಸಕ್ಕರೆಯು ದ್ರಾಕ್ಷಿಯ ಸಕ್ಕರೆಯೇ ಎಂದು ತೋರಿಸಿದನು. 1838ರಲ್ಲಿ ಡ್ಯೂಮಾ ಮತ್ತವನ ಸಂಗಡಿಗರು ಅದಕ್ಕೆ ಸಿಹಿ ದ್ರಾಕ್ಷಾರಸ ಎಂಬ ಅರ್ಥದ ಗ್ರೀಕ್ ಪದದಿಂದ ‘ಗ್ಲೂಕೋಸ್’ ಎಂದು ಹೆಸರಿಟ್ಟರು. ಅದೇ ಬುಡಕಟ್ಟಿನ ‘ಗ್ಲೈಕ್’, ಅಂದರೆ ಸಿಹಿ, ಎಂಬುದಕ್ಕೆ ರಕ್ತ ಎಂಬ ಅರ್ಥದ ‘ಹೈಮಾ’ ಸೇರಿದಾಗ ‘ಗ್ಲೈಸೀಮಿಯಾ’ ಆಗುತ್ತದೆ. ರಕ್ತದ ಗ್ಲೂಕೋಸ್ ಏರಿದರೆ ‘ಹೈಪರ್‌ಗ್ಲೈಸೀಮಿಯಾ’, ತೀರ ಇಳಿದರೆ ‘ಹೈಪೊಗ್ಲೈಸೀಮಿಯಾ’ ಎನ್ನುವ ವೈದ್ಯರ ಮಾತು ಎರಡಕ್ಷರದ ವ್ಯತ್ಯಾಸದಿಂದ ರೋಗಿಗಳನ್ನು ಗೊಂದಲಕ್ಕೆ ತಳ್ಳುವುದುಂಟು. ಗ್ರೀಕಿನ ‘ಹೈಪರ್’ ಎಂಬುದು ಸಂಸ್ಕೃತದ ‘ಉಪರಿ’ಯ ಸೋದರ, ‘ಹೈಪೊ’ ಎಂಬುದು ‘ಉಪ’ದ ಸೋದರ ಎಂಬುದನ್ನು ನೆನಪಿಟ್ಟರೆ, ಒಂದು ಮೇಲೇರಿದ ಸ್ಥಿತಿ, ಇನ್ನೊಂದು ಕೆಳಗುಳಿದ ಸ್ಥಿತಿ ಎಂಬುದು ಮರೆಯದಂತೆ ಮನಸ್ಸಿನಲ್ಲಿ ನಿಲ್ಲುತ್ತದೆ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಹೊತ್ತಿಗೆ ಉಣ್ಣದೆ ಹೊಲಕ್ಕೆ ಹೋದ ರೈತನಿಗೆ ಬೆವರು, ನಡುಕ, ಕಣ್ಣುಕತ್ತಲೆ ಬರುವುದು ಈ ಕೆಳಗಿಳಿದ ಸ್ಥಿತಿಯಿಂದ; ಆಗ ತಕ್ಷಣ ಬೇಕಾಗುವುದು ಸಿಹಿಯೇ ಹೊರತು ಸಿಹಿಯ ನಿಷೇಧವಲ್ಲ.

ರೋಗ ಹಳೆಯದಾದಂತೆ ಬೇರೆ ಪದಗಳು ವರದಿಯಲ್ಲಿ ಸೇರಿಕೊಳ್ಳುತ್ತವೆ. ‘ಪಥಿ’ ಎಂಬ ಕೊನೆಯಂಶ ಬಾಧೆ ಎಂಬರ್ಥದ ಗ್ರೀಕಿನ ‘ಪಾಥಾಸ್’ನಿಂದ ಬಂದಿದೆ. ‘ನೆಫ್ರೊಪಥಿ’ ಎಂದರೆ ಮೂತ್ರಪಿಂಡದ ಬಾಧೆ. ‘ನ್ಯೂರೊಪಥಿ’ ಎಂದರೆ ನರದ ಬಾಧೆ. ಅದರಲ್ಲಿರುವ ‘ನ್ಯೂರಾನ್’ ಮೊದಲು ಸ್ನಾಯುಬಂಧವನ್ನು ಸೂಚಿಸುತ್ತಿದ್ದು, ಸಂಸ್ಕೃತದ ‘ಸ್ನಾವನ್’ ಎಂಬ ಪದದ ಬಂಧುವಾಗಿದೆ. ‘ರೆಟಿನೊಪಥಿ’ಯಲ್ಲಿರುವ ‘ರೆಟಿನಾ’ ಬಂದದ್ದು ಬಲೆ ಎಂಬರ್ಥದ ಲ್ಯಾಟಿನ್ನಿನ ‘ರೆಟೆ’ಯಿಂದ. ಕಣ್ಣಿನ ಒಳಪದರವನ್ನು ಅರಬ್ಬಿ ವೈದ್ಯಗ್ರಂಥಗಳು ಬಲೆಯಂಥದ್ದು ಎಂಬ ಹೆಸರಿನಿಂದ ಕರೆದಿದ್ದವು, 12ನೆಯ ಶತಮಾನದ ಅನುವಾದಕರು ಅದನ್ನೇ ಲ್ಯಾಟಿನ್ನಿಗೆ ಇಳಿಸಿಕೊಂಡರು. ಅಂಗಾಲಿನ ಗಾಯ ಗೊತ್ತಾಗದೆ ಕೊಳೆತಾಗ ಕೇಳಿಬರುವ ‘ಗ್ಯಾಂಗ್ರೀನ್’ ಕೂಡ ತಿಂದುಹಾಕುವ ಹುಣ್ಣು ಎಂಬ ಅರ್ಥದ ಗ್ರೀಕ್ ಪದವೇ. ಬರಿಗಾಲಲ್ಲಿ ಗದ್ದೆಗಿಳಿದು ಕಬ್ಬಿನ ರವುದಿಯ ನಡುವೆ ದುಡಿಯುವವರಿಗೆ ‘ನ್ಯೂರೊಪಥಿ’ ಮತ್ತು ‘ಗ್ಯಾಂಗ್ರೀನ್’ ಎಂಬ ಎರಡು ಪದಗಳ ನಡುವಿನ ನಂಟು ತಿಳಿದಿರುವುದು ಅತ್ಯಗತ್ಯ. ನರದ ಬಾಧೆಯಿಂದ ಕಾಲಿನ ನೋವು ತಿಳಿಯುವುದಿಲ್ಲ, ನೋವು ತಿಳಿಯದ್ದರಿಂದ ಗಾಯ ಕಾಣುವುದಿಲ್ಲ, ಕಾಣದ ಗಾಯ ಕೊಳೆಯುತ್ತದೆ.

ದ್ವೀಪ ಮತ್ತು ಮಧು

ಹೊಟ್ಟೆಯ ಹಿಂಬದಿಯಲ್ಲಿ ಅಡ್ಡಲಾಗಿ ಮಲಗಿರುವ ಮೇದೋಜೀರಕ ಗ್ರಂಥಿಗೆ ಗ್ರೀಕರು ‘ಪ್ಯಾಂಕ್ರಿಯಾಸ್’ ಎಂದು ಹೆಸರಿಟ್ಟಿದ್ದರು. ‘ಪಾನ್’ ಎಂದರೆ ಎಲ್ಲ, ‘ಕ್ರೆಯಾಸ್’ ಎಂದರೆ ಮಾಂಸ. ಎಲುಬು, ಮೃದ್ವಸ್ಥಿಗಳೊಂದೂ ಇಲ್ಲದ ಬರೀ ಮಾಂಸದ ಅಂಗ ಎಂಬುದು ಅದರ ಭಾವ. ಹಸಿಮಾಂಸ ಎಂಬರ್ಥದ ಸಂಸ್ಕೃತದ ‘ಕ್ರವ್ಯ’ವೂ ಅದರ ಬಂಧು. ಜರ್ಮನಿಯ ಪೌಲ್ ಲ್ಯಾಂಗರ್‌ಹಾನ್ಸ್ 1869ರಲ್ಲಿ, ವೈದ್ಯಕೀಯ ವಿದ್ಯಾರ್ಥಿಯಾಗಿದ್ದಾಗಲೇ, ಈ ಗ್ರಂಥಿಯಲ್ಲಿ ಅಲ್ಲಲ್ಲಿ ಚೆದುರಿದ ಬೇರೆ ಬಗೆಯ ಜೀವಕೋಶಗಳ ಗುಂಪುಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡನು. 1889ರಲ್ಲಿ ಫಾನ್ ಮೆರಿಂಗ್ ಮತ್ತು ಮಿಂಕೊವ್‌ಸ್ಕಿ ಎಂಬಿಬ್ಬರು ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಮಧುಮೇಹ ಬಂದದ್ದರಿಂದ ರೋಗದ ಕಾರಣ ಇರುವ ಜಾಗ ಗೊತ್ತಾಯಿತು. ಸುತ್ತಲ ಅಂಗಾಂಶದ ನಡುವೆ ಪ್ರತ್ಯೇಕವಾಗಿ ನಿಂತ ಆ ಕೋಶಗುಂಪುಗಳಿಗೆ ‘ಲ್ಯಾಂಗರ್‌ಹಾನ್ಸ್ ದ್ವೀಪಗಳು’ ಎಂಬ ಹೆಸರು ಬಂದು, ಅವುಗಳಿಂದ ಒಸರುವ ರಸಕ್ಕೆ 1909ರಲ್ಲಿ ಬೆಲ್ಜಿಯಂನ ಜಾನ್ ಡಿ ಮೇಯರ್, ದ್ವೀಪ ಎಂಬರ್ಥದ ಲ್ಯಾಟಿನ್ನಿನ ‘ಇನ್ಸುಲಾ’ದಿಂದ ಹೆಸರು ಕಟ್ಟಿದನು. ಆ ರಸವನ್ನು ಬೇರ್ಪಡಿಸುವ ಮೊದಲೇ ಅದಕ್ಕೆ ಹೆಸರು ಹುಟ್ಟಿತ್ತೆಂಬುದು ಗಮನಾರ್ಹ. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅದನ್ನು ಪಡೆದರು; 1922ರ ಜನವರಿ 11ರಂದು ಲೆನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಡಲಾಯಿತು. ಅದುವರೆಗೆ ಸಾವೇ ಗತಿಯಾಗಿದ್ದ ಬಾಲ್ಯದ ಮಧುಮೇಹದಲ್ಲಿ ಬದುಕುವ ದಾರಿ ತೆರೆದದ್ದು ಆಗಲೇ.

ಇಂದು ಟೈಪ್ 2 ಮಧುಮೇಹಕ್ಕೆ ಹೆಚ್ಚಾಗಿ ಬಳಕೆಯಲ್ಲಿರುವ ‘ಮೆಟ್‌ಫಾರ್ಮಿನ್’ ಮಾತ್ರೆಯ ಹೆಸರಿನಲ್ಲಿಯೂ ಪ್ರಾಚೀನ ಭಾಷೆಯೊಂದು ಅಡಗಿದೆ. ರಾಸಾಯನಿಕವಾಗಿ ಅದು ಡೈಮೀಥೈಲ್ ಬೈಗ್ವಾನೈಡ್. ಹೆಸರಿನ ಮೊದಲ ‘ಮೆಟ್’ ಸೂಚಿಸುವುದು ಮೀಥೈಲನ್ನು. 1834ರಲ್ಲಿ ಡ್ಯೂಮಾ ಮತ್ತು ಪೆಲಿಗೊ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞರು ಗ್ರೀಕಿನ ‘ಮೆಥು’, ಅಂದರೆ ಮದ್ಯ, ಎಂಬ ಪದಕ್ಕೆ ‘ಹೂಲೆ’, ಅಂದರೆ ಕಟ್ಟಿಗೆ, ಎಂಬುದನ್ನು ಸೇರಿಸಿ ಕಟ್ಟಿದ ಹೆಸರಿನಿಂದ ಈ ಮೀಥೈಲ್ ಬಂದಿತು. ಗ್ರೀಕಿನ ‘ಮೆಥು’ ಸಂಸ್ಕೃತದ ‘ಮಧು’ವಿನ ನೇರ ಬಂಧು. ಲ್ಯಾಟಿನ್ನಿನ ‘ಮೆಲ್’ ಅರ್ಥದಲ್ಲಿ ಜೇನಾದರೂ ‘ಮಧು’ವಿಗೆ ಸಂಬಂಧಿಯಲ್ಲ, ರೋಗದ ಹೆಸರಿನಲ್ಲಿ ಕಾಣದ ಆ ರಕ್ತಸಂಬಂಧ ಔಷಧಿಯ ಹೆಸರಿನಲ್ಲಿ ಸಿಗುತ್ತದೆ. ಈ ಔಷಧಿಯ ಹುಡುಕಾಟಕ್ಕೆ ಸುಳಿವು ಕೊಟ್ಟ ಯುರೋಪಿನ ಸಸ್ಯಕ್ಕೆ ‘ಗ್ಯಾಲೆಗಾ ಅಫಿಸಿನಾಲಿಸ್’ ಎಂಬ ಹೆಸರಿದ್ದು, ಕಬ್ಬಿನ ಹೆಸರಿನಲ್ಲಿರುವ ಔಷಧದ ಕೋಣೆಯೇ ಅದರಲ್ಲಿಯೂ ಇದೆ. 1957ರಲ್ಲಿ ಪ್ಯಾರಿಸ್ಸಿನ ವೈದ್ಯ ಜಾನ್ ಸ್ಟರ್ನ್ ಮೆಟ್‌ಫಾರ್ಮಿನನ್ನು ಮಧುಮೇಹಿಗಳ ಮೇಲೆ ಬಳಸಿದ ಫಲಿತಾಂಶಗಳನ್ನು ಪ್ರಕಟಿಸಿದನು.

ಹೆಸರು ತಪ್ಪು ದಾರಿ ಹಿಡಿಸಿದಾಗ

ಹೆಸರುಗಳು ತಿಳಿವನ್ನು ಹೊತ್ತು ತರುವಂತೆಯೇ ಹಳೆಯ ಅರೆತಿಳಿವನ್ನೂ ಉಳಿಸಿಕೊಂಡು ಬರುತ್ತವೆ. ‘ಸಕ್ಕರೆ ಕಾಯಿಲೆ’ ಎಂಬ ಹೆಸರು ರೋಗದ ಒಂದು ಲಕ್ಷಣವನ್ನು ಹೇಳುತ್ತದೆಯೇ ವಿನಾ ಕಾರಣವನ್ನಲ್ಲ. ಆದರೂ ಅದನ್ನು ಕೇಳಿದವರಲ್ಲಿ ಸಕ್ಕರೆ ತಿಂದದ್ದೊಂದರಿಂದಲೇ ರೋಗ ಬಂತೆಂದೂ ಸಕ್ಕರೆ ಬಿಟ್ಟರೆ ಸಾಕೆಂದೂ ನಂಬುವವರು ಬಹಳ. ಇನ್ಸುಲಿನ್ನಿನ ಕೊರತೆ ಅಥವಾ ಇನ್ಸುಲಿನ್ನಿಗೆ ದೇಹ ಸರಿಯಾಗಿ ಓಗೊಡದಿರುವುದು ರೋಗದ ತಿರುಳು. ಅನ್ನ, ರೊಟ್ಟಿ, ಚಪಾತಿಗಳ ಪಿಷ್ಟವೂ ಜೀರ್ಣವಾದ ಮೇಲೆ ಗ್ಲೂಕೋಸೇ ಆಗುವುದರಿಂದ ಊಟದ ಒಟ್ಟು ಪ್ರಮಾಣ, ಮೈಯ ತೂಕ, ದುಡಿಮೆ, ನಿದ್ರೆ, ಮನೆತನದ ಹಿನ್ನೆಲೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹೆಸರಿನಲ್ಲಿ ಸಕ್ಕರೆ ಮಾತ್ರ ಇರುವುದರಿಂದ ಬೆಲ್ಲ ತಿಂದರೆ ತೊಂದರೆಯಿಲ್ಲ ಎಂಬ ಇನ್ನೊಂದು ನಂಬಿಕೆ ಬೆಲ್ಲ ಬೇಯಿಸುವ ಈ ಸೀಮೆಯಲ್ಲಿ ಸಹಜವಾಗಿಯೇ ಆಳವಾಗಿ ಬೇರೂರಿದೆ. ಬೆಲ್ಲದ ಬಹುಪಾಲು ಸಕ್ಕರೆಯಲ್ಲಿರುವ ಸುಕ್ರೋಸೇ ಆಗಿದ್ದು, ಅದರಲ್ಲಿರುವ ಅಲ್ಪಸ್ವಲ್ಪ ಖನಿಜಾಂಶ ರಕ್ತದ ಗ್ಲೂಕೋಸ್ ಏರುವುದನ್ನು ತಡೆಯಲಾರದು. ಬೆಲ್ಲ, ಅಂಟು, ಒಣಹಣ್ಣುಗಳನ್ನು ಕೂಡಿಸಿ ಮಾಡುವ ಕರದಂಟು ಬಾಣಂತಿಯರಿಗೂ ದುಡಿಯುವ ಮೈಗೂ ಬಲ ಕೊಡುವ ತಿನಿಸೆಂದು ಹಿರಿಯರು ಕಂಡುಕೊಂಡದ್ದು ಸರಿಯೇ ಆದರೂ, ಮಧುಮೇಹಿಗೆ ಅದು ಲೆಕ್ಕವಿಟ್ಟು ಮುಟ್ಟಬೇಕಾದ ಸಿಹಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವು ಭಾರತದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆಯೆಂದೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆಂದೂ ಅಂದಾಜಿಸಿದೆ. ಗ್ಯಾಲೆನ್ ಜೀವಮಾನದಲ್ಲಿ ಇಬ್ಬರಲ್ಲಿ ಕಂಡ ರೋಗ ಇಂದು ಪ್ರತಿ ಓಣಿಯಲ್ಲಿದೆ. ಅರೆಟಿಯಸ್ ಕಂಡ ಹರಿವಿಗಾಗಲಿ, ಚರಕನು ಹೇಳಿದ ಇರುವೆಗಳಿಗಾಗಲಿ ಕಾಯುತ್ತ ಕೂರುವ ಕಾಲ ಇದಲ್ಲ, ಏಕೆಂದರೆ ಆ ಲಕ್ಷಣಗಳು ತೋರುವ ವರ್ಷಗಳ ಮೊದಲೇ ಕಣ್ಣು, ಮೂತ್ರಪಿಂಡ, ನರಗಳಿಗೆ ಪೆಟ್ಟು ಬೀಳಲು ಆರಂಭವಾಗಿರುತ್ತದೆ. ಬರಿಹೊಟ್ಟೆಯ ರಕ್ತದಲ್ಲಿ ಗ್ಲೂಕೋಸ್ ಪ್ರತಿ 100 ಮಿಲಿಲೀಟರಿಗೆ 126 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ, ಇಲ್ಲವೇ ಹಿಂದಿನ ಸುಮಾರು ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಶೇ. 6.5 ಅಥವಾ ಹೆಚ್ಚಿದ್ದರೆ ಮಧುಮೇಹವೆಂದು ವೈದ್ಯರು ಪರಿಗಣಿಸುತ್ತಾರೆ. 30 ವರ್ಷ ದಾಟಿದವರೆಲ್ಲರ ತಪಾಸಣೆ ನಡೆಯಬೇಕೆಂಬುದು ಸರ್ಕಾರದ ಕಾರ್ಯಕ್ರಮವೂ ಆಗಿದೆ.

ಆ ತಪಾಸಣೆಯ ಫಲ ರೋಗಿಗೆ ಅರ್ಥವಾಗುವ ಮಾತಿನಲ್ಲಿ ಮುಟ್ಟಿದಾಗಲೇ ಕೆಲಸಕ್ಕೆ ಬರುತ್ತದೆ. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ‘ಕರ್ಣಾಟಕ ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ಕನ್ನಡದಲ್ಲಿಯೇ ರಚಿಸಿದನು; 14ನೆಯ ಶತಮಾನದಲ್ಲಿ ಮಂಗರಾಜನು ವಿಷವೈದ್ಯವನ್ನು ಕುರಿತು ‘ಖಗೇಂದ್ರಮಣಿದರ್ಪಣ’ವನ್ನು ಬರೆದನು. ಸಂಸ್ಕೃತದಲ್ಲಿದ್ದ ವೈದ್ಯಶಾಸ್ತ್ರವನ್ನು ತಮ್ಮ ನಾಡಿನವರಿಗೆ ತಲುಪಿಸುವುದು ತಮ್ಮ ಹೊಣೆಯೆಂದು ಆ ಲೇಖಕರು ತಿಳಿದಿದ್ದರು. ಇಂದು ಗ್ರೀಕ್ ಮತ್ತು ಲ್ಯಾಟಿನ್ ಮೂಲದ ಪದಗಳಲ್ಲಿರುವ ಶಾಸ್ತ್ರವನ್ನು ಹುಕ್ಕೇರಿಯ ರೈತನಿಗೂ ಮೂಡಲಗಿಯ ಗೃಹಿಣಿಗೂ ಗೋಕಾಕದ ಗಿರಣಿ ಕಾರ್ಮಿಕನಿಗೂ ಬಿಡಿಸಿ ಹೇಳುವ ಹೊಣೆ ವೈದ್ಯರ, ಆಶಾ ಕಾರ್ಯಕರ್ತೆಯರ, ಶಿಕ್ಷಕರ ಮತ್ತು ಕನ್ನಡ ಬರಹಗಾರರ ಮೇಲಿದೆ. ಚೀಟಿಯಲ್ಲಿ ‘ಡಯಾಬಿಟಿಸ್ ಮೆಲ್ಲಿಟಸ್’ ಎಂದು ಬರೆದ ಕೈಯೇ, ನೀರು ನಿಲ್ಲದೆ ಹಾಯುವುದು ಏಕೆ, ಅದರಲ್ಲಿ ಸಿಹಿ ಬಂದದ್ದು ಎಲ್ಲಿಂದ, ಅದನ್ನು ಹಿಡಿತದಲ್ಲಿಡುವ ‘ದ್ವೀಪ’ದ ರಸಕ್ಕೆ ಏನಾಗಿದೆ ಎಂಬ ಮೂರು ಮಾತುಗಳನ್ನು ಕನ್ನಡದಲ್ಲಿ ಹೇಳಿದರೆ, ರೋಗಿಯು ಮಾತ್ರೆಯನ್ನು ಹೊತ್ತಿಗೆ ನುಂಗುವುದಕ್ಕೂ ಪಾದವನ್ನು ದಿನವೂ ನೋಡಿಕೊಳ್ಳುವುದಕ್ಕೂ ವರ್ಷಕ್ಕೊಮ್ಮೆ ಕಣ್ಣು ತೋರಿಸುವುದಕ್ಕೂ ಬೇಕಾದ ಕಾರಣವು ಅವನದೇ ಭಾಷೆಯಲ್ಲಿ ಅವನ ಕೈಸೇರುತ್ತದೆ.